ಎಂಬತ್ತೇ ಹಾಕಿದ್ದೆ ಕಣವ್ವ

ಮೊನ್ನೆ ಭಾನುವಾರ ದಿನಸಿ ತಂದು ಡಬ್ಬಿಗಳಿಗೆ ತುಂಬಿಸ್ತಾ ಇದ್ದೆ. ಖಾಲಿ ಇದೆ ಅಂದ್ಕೊಂಡು ಒಂದು ಸ್ಟೀಲ್ ಡಬ್ಬಿಗೆ ಒಂದು ಕೆಜಿ ರವೆ ಪೂರ್ತಿ ಸುರಿದ ಮೇಲೆ ಗೊತ್ತಾಯ್ತು, ತಳದಲ್ಲಿ ಅಮ್ಮ ಚಕ್ಕುಲಿಗೆ ಅಂತ ಎತ್ತಿಟ್ಟಿದ್ದ ಅಕ್ಕಿಹಿಟ್ಟು ಇತ್ತು. "ಒಳಗೆ ಏನಿದೆ ಅಂತ ನೋಡ್ದೆ ಸುರೀತಾರೇನೇ? ಇಂಜಿನಿಯರ್ ಅಂತೆ, ಇಂಜಿನಿಯರ್" ಅಂತ ಅಮ್ಮ ಶುರು ಮಾಡಿದ್ರು. ಜರಡಿ ಹಿಡಿದು ಹಿಟ್ಟು ಬೇರೆ, ರವೆ ಬೇರೆ ಮಾಡ್ತಾ ಕೂತೆ. ಅರ್ಧ ಗಂಟೆಯಲ್ಲಿ ಎರಡೂ ಬೇರೆಯಾದವು. ಆದರೆ ಅಮ್ಮನ ಆ ಮಾತು ಮಾತ್ರ ನನ್ನನ್ನು ಎಂಟು ವರ್ಷ ಹಿಂದಕ್ಕೆ ಎಳ್ಕೊಂಡು ಹೋಯ್ತು. ಆಗಲೂ ನಾನು ಒಳಗೆ ಏನಿದೆ ಅಂತ ನೋಡದೆ ಸುರಿದಿದ್ದೆ. ಜರಡಿ ಹಿಡಿದರೂ ವಾಪಸ್ ಸಿಗದ ಜಾಗದಲ್ಲಿ.

ಈಗ ನಾನು ಬೆಂಗಳೂರಿನ ಸಾವಿರಾರು ಜನರ ಹಾಗೆ ಎಸಿ ರೂಮಲ್ಲಿ ಕೂತು ಕೋಡ್ ಬರೆಯೋ ಸಾಫ್ಟ್‌ವೇರ್ ಇಂಜಿನಿಯರ್. ಆದರೆ ನನ್ನ ಮೊದಲ ಕೆಲಸ ಪೀಣ್ಯದಲ್ಲಿ. ಎಲೆಕ್ಟ್ರಾನಿಕ್ಸ್‌ನಲ್ಲಿ ಬಿಇ ಮುಗಿಸಿದಾಗ ಕ್ಯಾಂಪಸ್ ಸೆಲೆಕ್ಷನ್ ಆಗಲಿಲ್ಲ. ಕ್ಲಾಸಿನ ಅರ್ಧಕ್ಕಿಂತ ಹೆಚ್ಚು ಜನ ದೊಡ್ಡ ದೊಡ್ಡ ಕಂಪನಿಗಳ ಐಡಿ ಕಾರ್ಡ್ ಕತ್ತಿಗೆ ಹಾಕ್ಕೊಂಡು ಫೋಟೋ ಹಾಕ್ತಿದ್ದಾಗ, ನಾನು ಹತ್ತು ಸಾವಿರ ಸಂಬಳಕ್ಕೆ ಎಂಟು ಜನರಿದ್ದ ಒಂದು ಆಟೊಮೇಷನ್ ಕಂಪನಿ ಸೇರಿದೆ. ಕೆಳಗಡೆ ಪ್ಯಾನೆಲ್ ವೈರಿಂಗ್, ಮೇಲ್ಗಡೆ ಆಫೀಸು. ಪಕ್ಕದಲ್ಲಿ ಲೇತ್ ಮಷಿನ್ ಶಬ್ದ, ಎದುರಿಗೆ ಪೌಡರ್ ಕೋಟಿಂಗ್ ವಾಸನೆ. ಅಪ್ಪ ನೆಂಟರ ಹತ್ತಿರ "ಮಗಳು ಕಂಪ್ಯೂಟರ್ ಕೆಲಸದಲ್ಲಿದ್ದಾಳೆ" ಅಂತಷ್ಟೇ ಹೇಳ್ತಿದ್ರು. ಸುಳ್ಳೇನಲ್ಲ. ಆ ಕಂಪ್ಯೂಟರ್ ನೋಡೋಕೆ ಒಂದು ಊಟದ ಡಬ್ಬಿಯಷ್ಟು ಇತ್ತು, ಅಷ್ಟೇ.

ಅದರ ಹೆಸರು ಪಿಎಲ್‌ಸಿ. ಪ್ರೋಗ್ರಾಮಬಲ್ ಲಾಜಿಕ್ ಕಂಟ್ರೋಲರ್. ಹಾಲಿನ ಪ್ಯಾಕೆಟ್ ತುಂಬೋ ಮಷಿನ್, ಅಪಾರ್ಟ್‌ಮೆಂಟಿನ ನೀರಿನ ಪಂಪು, ಅಕ್ಕಿ ಗಿರಣಿ, ಸಕ್ಕರೆ ಕಾರ್ಖಾನೆ, ಎಲ್ಲ ಕಡೆ ಯಾವುದಾದರೂ ಪ್ಯಾನೆಲ್ ಬಾಗಿಲ ಹಿಂದೆ ಇದು ಕೂತಿರುತ್ತೆ. ಯಾವ ಮೋಟಾರು ಯಾವಾಗ ತಿರುಗಬೇಕು, ಯಾವ ವಾಲ್ವ್ ಯಾವಾಗ ಮುಚ್ಚಬೇಕು ಅನ್ನೋದನ್ನ ಇದೇ ತೀರ್ಮಾನ ಮಾಡೋದು. 1968ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಾರು ಕಂಪನಿಯವರಿಗೆ ಗೋಡೆ ತುಂಬ ಹರಡಿದ್ದ ರಿಲೇಗಳ ಕಾಟ ಸಾಕಾಗಿ, ಇದಕ್ಕೆ ಬದಲಿ ಏನಾದರೂ ಮಾಡಿಕೊಡಿ ಅಂತ ಕೇಳಿದರಂತೆ. ಡಿಕ್ ಮೋರ್ಲಿ ಮತ್ತು ಅವರ ಗೆಳೆಯರು ಮಾಡಿಕೊಟ್ಟ ಪೆಟ್ಟಿಗೆಯ ಹೆಸರು ಮೊಡಿಕಾನ್ 084. ಅದು ಅವರ ಎಂಬತ್ತನಾಲ್ಕನೇ ಪ್ರಾಜೆಕ್ಟು, ಹಾಗಾಗಿ ಆ ನಂಬರು. ಎಲೆಕ್ಟ್ರಿಷಿಯನ್‌ಗಳಿಗೆ ಹೊಸ ಭಾಷೆ ಕಲಿಸೋದು ಕಷ್ಟ ಅಂತ ಪ್ರೋಗ್ರಾಮನ್ನೂ ವೈರಿಂಗ್ ಚಿತ್ರದ ಥರಾನೇ ಬರೆಯೋ ಹಾಗೆ ಮಾಡಿದರು. ಎರಡು ಉದ್ದ ಗೆರೆ, ನಡುವೆ ಮೆಟ್ಟಿಲು. ಅದಕ್ಕೇ ಅದು ಲ್ಯಾಡರ್, ಏಣಿ. ಇವತ್ತಿಗೂ ನಾವು ಏಣಿಯನ್ನೇ ಬರೀತೀವಿ.

ಆ ಏಣಿಯಲ್ಲಿ ಮೊದಲು ಕಲಿಯೋದು ಸ್ವಿಚ್ಚು, ಕಾಯಿಲ್, ಟೈಮರು. ಅಲ್ಲಿವರೆಗೆ ಎಲ್ಲಾ ಇದೆ-ಇಲ್ಲ, ಆನ್-ಆಫ್ ಲೆಕ್ಕ. ರಿಲೇ ಮಾಡ್ತಿದ್ದದ್ದೂ ಅಷ್ಟೇ. ಆಮೇಲೆ ಬರೋದು 'ಮೂವ್'. ಅಲ್ಲಿಂದ ಸಂಖ್ಯೆಗಳ ಲೋಕ ಶುರು. ನಾವು ಬಳಸ್ತಿದ್ದದ್ದು ಮಿತ್ಸುಬಿಷಿಯ ಎಫ್‌ಎಕ್ಸ್3ಯು. ಅದರೊಳಗೆ ಡಿ0, ಡಿ1, ಡಿ2 ಅಂತ ಎಂಟು ಸಾವಿರ ಗೂಡುಗಳಿವೆ. ಒಂದೊಂದು ಗೂಡಲ್ಲೂ ಒಂದು ಸಂಖ್ಯೆ ಇಡಬಹುದು. 'ಮೂವ್ ಕೆ1000 ಡಿ210' ಅಂದ್ರೆ ಸಾವಿರ ಅನ್ನೋ ಸಂಖ್ಯೆಯನ್ನು 210ನೇ ಗೂಡಿಗೆ ಹಾಕು ಅಂತ. 'ಮೂವ್ ಡಿ210 ಡಿ50' ಅಂದ್ರೆ 210ರಲ್ಲಿ ಇರೋದನ್ನ 50ಕ್ಕೆ ಹಾಕು ಅಂತ. ಇಷ್ಟೇ. ಕಂಪನಿಯ ಸೀನಿಯರ್ ಒಬ್ಬರು, ಡಿಪ್ಲೊಮಾ ಮಾಡಿ ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದವರು, ಮೊದಲನೇ ದಿನವೇ ಹೇಳಿದ್ದರು: "ಹೆಸರು ಮೂವ್ ಅಂತ ಇದೆ ಅಂತ ಮೋಸ ಹೋಗ್ಬೇಡಮ್ಮ. ಅದು ಸಾಗಿಸಲ್ಲ, ನಕಲು ಮಾಡುತ್ತೆ. ಎಲ್ಲಿಂದ ತಗೊಂಡ್ಯೋ ಅಲ್ಲಿ ಇದ್ದದ್ದು ಹಾಗೇ ಇರುತ್ತೆ. ಎಲ್ಲಿಗೆ ಹಾಕ್ದ್ಯೋ ಅಲ್ಲಿ ಇದ್ದದ್ದು ಹೋಯ್ತು ಅಂತ ಲೆಕ್ಕ."

ಹೋಯ್ತು ಅಂದ್ರೆ ಹೋಯ್ತು. ಅಡುಗೆಮನೆ ಡಬ್ಬಿಯಲ್ಲಾದರೆ ಹಳೆಯದರ ಮೇಲೆ ಹೊಸದು ಕೂತಿರುತ್ತೆ. ಇಲ್ಲಿ ಹಳೆಯ ಸಂಖ್ಯೆ ಇತ್ತು ಅನ್ನೋದಕ್ಕೆ ಗುರುತೂ ಉಳಿಯಲ್ಲ. ಯಾರು ಹಾಕಿದ್ದು, ಯಾವಾಗ ಹಾಕಿದ್ದು, ಏನೂ ಇಲ್ಲ. ನಾನು ತಲೆಯಾಡಿಸಿದ್ದೆ. ಪರೀಕ್ಷೆಗೆ ಓದಿದ ಹಾಗೆ ಬರೆದುಕೊಂಡಿದ್ದೆ ಕೂಡ.

2017ರ ಮಾರ್ಚ್‌ನಲ್ಲಿ ತುಮಕೂರು ದಾಟಿ ಗುಬ್ಬಿ ಕಡೆಯ ಒಂದು ಪಶು ಆಹಾರದ ಕಾರ್ಖಾನೆಗೆ ನಾವು ಪ್ಯಾನೆಲ್ ಮಾಡಿಕೊಟ್ಟೆವು. ನಾನೊಬ್ಬಳೇ ಪೂರ್ತಿ ಪ್ರೋಗ್ರಾಂ ಬರೆದ ಮೊದಲ ಕೆಲಸ. ಮೆಕ್ಕೆಜೋಳ, ತೌಡು, ಹಿಂಡಿ, ಉಪ್ಪು, ಖನಿಜದ ಪುಡಿ, ಕೊನೆಗೆ ಕಾಕಂಬಿ, ಹೀಗೆ ಆರು ಪದಾರ್ಥ. ಒಂದೊಂದನ್ನೂ ತೂಕ ಮಾಡಿ ಮಿಕ್ಸರಿಗೆ ಬಿಡಬೇಕು. ಒಂದು ಬ್ಯಾಚಿಗೆ ಸಾವಿರ ಕೆಜಿ. ಯಾವುದು ಎಷ್ಟು ಅನ್ನೋದನ್ನ ಆಪರೇಟರು ಟಚ್ ಸ್ಕ್ರೀನಲ್ಲಿ ಒತ್ತಿ ಬದಲಾಯಿಸಬಹುದು. ಆರು ಪದಾರ್ಥಕ್ಕೆ ಆರು ಗೂಡು, ಡಿ210ರಿಂದ ಡಿ215.

ಆ ಪ್ಯಾನೆಲ್ ಮುಂದೆ ಕೂರೋ ಆಪರೇಟರಿಗೆ ಐವತ್ತರ ಮೇಲೆ ವಯಸ್ಸು. ಎಲ್ಲರೂ ಅವರನ್ನ ಅಣ್ಣ ಅಂತಿದ್ರು, ನಾನೂ ಅಣ್ಣ ಅಂತಲೇ ಅಂದೆ. ಅವರು ನನ್ನನ್ನ ಎರಡು ದಿನ ಮೇಡಂ ಅಂದು, ಮೂರನೇ ದಿನದಿಂದ ಅವ್ವ ಅಂತ ಶುರು ಮಾಡಿದ್ರು. ಇಂಗ್ಲಿಷ್ ಬರ್ತಿರಲಿಲ್ಲ, ಸ್ಕ್ರೀನ್ ಮೇಲಿನ ಅಕ್ಷರಗಳನ್ನ ಚಿತ್ರದ ಥರ ಗುರುತಿಟ್ಟುಕೊಂಡಿದ್ರು. ಆದರೆ ಮಿಕ್ಸರಿಂದ ಒಂದು ಹಿಡಿ ತಗೊಂಡು ಅಂಗೈಯಲ್ಲಿ ಹಿಸುಕಿ, "ಇನ್ನೊಂದ್ ಚೂರು ಒಣಗ್ಬೇಕಿತ್ತು" ಅಂದ್ರೆ ಅದು ಸರಿಯಾಗಿರ್ತಿತ್ತು. ಹಳೇ ಕೈ ಸ್ವಿಚ್ಚಿನ ಪ್ಯಾನೆಲಲ್ಲೇ ಹದಿನೈದು ವರ್ಷ ಕೆಲಸ ಮಾಡಿದವರು.

ಮೊದಲನೇ ಎಡವಟ್ಟು ಮೇ ತಿಂಗಳಲ್ಲೇ ಆಯ್ತು. ಅದು ನಗೋ ಅಂಥದ್ದು, ಹೇಳಿಬಿಡ್ತೀನಿ. ಒಟ್ಟು ಎಷ್ಟು ಚೀಲ ತುಂಬಿತು ಅಂತ ಎಣಿಸೋಕೆ ಒಂದು ಗೂಡು ಇಟ್ಟಿದ್ದೆ. ಒಂದು ಗೂಡಿಗೆ ಹದಿನಾರು ಬಿಟ್. ಅದರಲ್ಲಿ 32,767ರವರೆಗೆ ಮಾತ್ರ ಹಿಡಿಸುತ್ತೆ. ಅದರ ಮೇಲೆ ಇನ್ನೊಂದು ಸೇರಿಸಿದರೆ ಮೀಟರು ತಿರುಗಿದ ಹಾಗೆ ಮೈನಸ್ 32,768ಕ್ಕೆ ಹೋಗಿ ಕೂರುತ್ತೆ. ಪುಸ್ತಕದಲ್ಲಿ ಓದಿದ್ದೆ. ಅಷ್ಟು ಚೀಲ ಯಾವಾಗ ಆಗುತ್ತೆ ಅಂತ ಮಾತ್ರ ಲೆಕ್ಕ ಹಾಕಿರಲಿಲ್ಲ. ಎರಡೇ ತಿಂಗಳಿಗೆ ಆಯ್ತು. ಮಾಲೀಕರು ಫೋನ್ ಮಾಡಿ, "ಏನಮ್ಮಾ, ನಿನ್ ಮಷಿನ್ ಪ್ರಕಾರ ನಾವು ಮೂವತ್ತೆರಡು ಸಾವಿರ ಚೀಲ ಸಾಲದಲ್ಲಿದ್ದೀವಲ್ಲ?" ಅಂದ್ರು. ಹೋಗಿ ಸರಿ ಮಾಡಿದೆ. ಮೂವತ್ತೆರಡು ಬಿಟ್‌ಗೆ ಬದಲಾಯಿಸಿದರೆ ಸಂಖ್ಯೆ ಅಕ್ಕಪಕ್ಕದ ಎರಡು ಗೂಡು ತಗೊಳ್ಳುತ್ತೆ. ಆ ಪಕ್ಕದ ಗೂಡಲ್ಲಿ ನಾನು ಆ ದಿನದ ಚೀಲದ ಲೆಕ್ಕ ಇಟ್ಟಿದ್ದೆ. ಅದೂ ಹಾಳಾಯ್ತು. ಅದನ್ನ ಬೇರೆ ಗೂಡಿಗೆ ಕಳಿಸಿ, ಸಂಜೆ ಬಸ್ಸಿಗೆ ಬಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಜೂನ್ ಕೊನೆಗೆ ಮಳೆ ಹಿಡಿದ ಮೇಲೆ ಬಂದ ಫೋನಲ್ಲಿ ನಗು ಇರಲಿಲ್ಲ.

ವಿಷಯ ಇದು. ಮಳೆಗಾಲದಲ್ಲಿ ತೌಡು, ಜೋಳ ಎಲ್ಲ ಥಂಡಿ ಹಿಡಿದಿರುತ್ತೆ. ಅದಕ್ಕೆ ಬೇಸಿಗೆಯಷ್ಟೇ ಕಾಕಂಬಿ ಬಿಟ್ಟರೆ ಮಿಶ್ರಣ ಅಂಟಂಟಾಗುತ್ತೆ. ಗುಳಿಗೆ ಒತ್ತೋ ಮಷಿನ್ನಿನ ಡೈ ತೂತುಗಳೆಲ್ಲ ಕಟ್ಟಿಕೊಳ್ಳುತ್ತೆ. ಒಂದು ಸಲ ಕಟ್ಟಿಕೊಂಡ್ರೆ ಡೈ ಬಿಚ್ಚಿ ಒಂದೊಂದೇ ತೂತು ಡ್ರಿಲ್ ಹಾಕಿ ಬಿಡಿಸಬೇಕು, ಅರ್ಧ ದಿನ ಹೋಗುತ್ತೆ. ಕಟ್ಟಿಕೊಳ್ಳದೆ ಹೇಗೋ ಹೊರಗೆ ಬಂದ ಗುಳಿಗೆ ಚೀಲದಲ್ಲೇ ಬೂಸ್ಟು ಹಿಡಿಯುತ್ತೆ. ಅಣ್ಣನಿಗೆ ಇದು ಗೊತ್ತು. ಮಳೆ ಶುರುವಾದ ದಿನವೇ ಕಾಕಂಬಿಯನ್ನ ನೂರು ಕೆಜಿಯಿಂದ ಎಂಬತ್ತಕ್ಕೆ ಇಳಿಸಿದ್ದರು. ಆದರೆ ಡೈ ಕಟ್ಟಿಕೊಂಡಿತು. ಹೋಗಿ ನೋಡಿದರೆ ಸ್ಕ್ರೀನಲ್ಲಿ ನೂರು. ಮತ್ತೆ ಎಂಬತ್ತು ಮಾಡಿದರು. ಎರಡು ದಿನ ಬಿಟ್ಟು ಮತ್ತೆ ನೂರು. ಹಳ್ಳಿಯ ಹಾಲಿನ ಸೊಸೈಟಿಯೊಂದರಿಂದ ಮೂವತ್ತು ಚೀಲ ಬೂಸ್ಟು ಹಿಡಿದಿದೆ ಅಂತ ವಾಪಸ್ ಬಂತು.

ಮಾಲೀಕರು ನನಗೆ ಫೋನ್ ಮಾಡಿ, "ತಾನಾಗೇ ಬದಲಾಗುತ್ತೇನಮ್ಮ ಅದು?" ಅಂತ ಕೇಳಿದರು. ನಾನು ಯೋಚನೆಯನ್ನೂ ಮಾಡದೆ ಹೇಳಿದೆ, "ಇಲ್ಲ ಸರ್, ಅದು ಹೇಗೆ ತಾನಾಗೇ ಬದಲಾಗುತ್ತೆ? ಕರೆಂಟ್ ಹೋದರೂ ಉಳಿಯೋ ಗೂಡಲ್ಲಿ ಇಟ್ಟಿದ್ದೀನಿ. ಯಾರೋ ಒತ್ತಿರಬೇಕು." ನಿಜ, ಅದರಲ್ಲಿ ಡಿ200ರಿಂದ ಮೇಲಿನ ಗೂಡುಗಳಿಗೆ ಬ್ಯಾಟರಿ ಬೆಂಬಲ ಇದೆ, ಕರೆಂಟ್ ಹೋದರೂ ಮರೆಯಲ್ಲ. ಅದಕ್ಕೇ 210 ಆರಿಸಿಕೊಂಡಿದ್ದೆ. ಅಷ್ಟಕ್ಕೇ ನಿಲ್ಲಲಿಲ್ಲ ನಾನು. ಪರಿಹಾರಾನೂ ಕೊಟ್ಟೆ. "ಸ್ಕ್ರೀನಿಗೆ ಪಾಸ್‌ವರ್ಡ್ ಹಾಕೋ ಸೌಲಭ್ಯ ಇದೆ ಸರ್. ಒಬ್ಬರಿಗೆ ಮಾತ್ರ ಕೊಡಿ. ಯಾರು ಬದಲಾಯಿಸ್ತಿದ್ದಾರೆ ಅಂತ ಗೊತ್ತಾಗುತ್ತೆ." ಹೇಗೆ ಹಾಕೋದು ಅಂತ ಫೋನಲ್ಲೇ ಹೇಳಿಕೊಟ್ಟೆ.

ಅವರು ಅದನ್ನ ಅಣ್ಣನಿಗೊಬ್ಬರಿಗೇ ಕೊಟ್ಟರು. ನಾಲ್ಕನೇ ದಿನ ಮತ್ತೆ ನೂರಾಯ್ತು.

ಇದು ಏನಾಯ್ತು ಅಂತ ನಿಮಗೆ ಅರ್ಥ ಆಗಿರಬಹುದು. ಪಾಸ್‌ವರ್ಡ್ ಇರೋದು ಒಬ್ಬರ ಹತ್ತಿರ, ಸಂಖ್ಯೆ ಬದಲಾಗಿದೆ, ಇನ್ನು ಕಳ್ಳ ಯಾರು ಅಂತ ಹುಡುಕೋದೇನು. ಅಣ್ಣನಿಗೆ ಕಣ್ಣು ಕಾಣಲ್ಲ, ಕೈ ನಡುಗುತ್ತೆ, ವಯಸ್ಸಾಯ್ತು ಅಂತ ಒಬ್ಬೊಬ್ಬರು ಒಂದೊಂದು ಹೇಳಿದರು. ಅದಕ್ಕೂ ಮೊದಲು, ರಾತ್ರಿ ಪಾಳಿಯ ಹುಡುಗ ಬೇಕಂತಲೇ ಬದಲಾಯಿಸ್ತಿದ್ದಾನೆ ಅಂತ ಅಣ್ಣ ಅವನ ಜೊತೆ ಜಗಳ ಆಡಿ ಮಾತು ಬಿಟ್ಟಿದ್ದರಂತೆ. ಈಗ ಅದೂ ಅವರ ಮೇಲೇ ತಿರುಗಿತು. ಮಾಲೀಕರು ಕೆಲಸದಿಂದ ತೆಗೀಲಿಲ್ಲ. ಪ್ಯಾನೆಲ್ ಹತ್ತಿರ ಬರಬೇಡ, ಲೋಡಿಂಗ್‌ಗೆ ಹೋಗು ಅಂದರು. ಐವತ್ತು ಕೆಜಿ ಚೀಲ ಲಾರಿಗೆ ಹೊರೋದು. ಆಪರೇಟರ್ ಭತ್ಯೆನೂ ಹೋಯ್ತು.

ಇದ್ಯಾವುದೂ ಆಗ ನನಗೆ ಗೊತ್ತಿಲ್ಲ. ಜುಲೈ ಮಧ್ಯಕ್ಕೆ ಇನ್ನೊಂದು ಫೋನ್ ಬಂತು. ಬೇರೆ ಹುಡುಗ ಕೂತ್ರೂ ಡೈ ಕಟ್ಟಿಕೊಳ್ತಿದೆ, ಬಹುಶಃ ತೂಕದ ಲೋಡ್‌ಸೆಲ್ಲೇ ತಪ್ಪು ತೋರಿಸ್ತಿರಬೇಕು, ಬಂದು ಚೆಕ್ ಮಾಡಿ ಅಂತ. ಹೋದೆ. ಇಪ್ಪತ್ತು ಕೆಜಿಯ ತೂಕದ ಬಟ್ಟುಗಳನ್ನ ಇಟ್ಟು ನೋಡಿದೆ, ಲೋಡ್‌ಸೆಲ್ ಸರಿ ಇತ್ತು. ಸ್ಕ್ರೀನ್ ನೋಡಿದರೆ ಕಾಕಂಬಿ ನೂರು ಅಂತಿದೆ. ಹೊಸ ಹುಡುಗನಿಗೆ ಅದನ್ನ ಇಳಿಸಬೇಕು ಅಂತ ಯಾರೂ ಹೇಳಿಯೇ ಇರಲಿಲ್ಲ. ನಾನೇ ಎಂಬತ್ತು ಮಾಡಿದೆ. "ಅಣ್ಣ ಎಲ್ಲಿ?" ಅಂದೆ. ಹುಡುಗ ಕಿಟಕಿ ಕಡೆ ಕೈ ತೋರಿಸಿದ.

ತಲೆಗೆ ಗೋಣಿಚೀಲ ಮಡಚಿ ಹಾಕ್ಕೊಂಡು ಲಾರಿ ಹತ್ತಿರ ನಿಂತಿದ್ದರು. ನನ್ನ ನೋಡಿ ಬಂದರು. ಬೈತಾರೆ ಅಂದ್ಕೊಂಡೆ. ಅವರು ಜೇಬಿಂದ ಒಂದು ನಲವತ್ತು ಪುಟದ ಸ್ಕೂಲ್ ನೋಟ್‌ಬುಕ್ ತೆಗೆದರು, ಬೆವರಿಗೆ ಅಂಚೆಲ್ಲ ಮೆತ್ತಗಾಗಿತ್ತು. "ನಾನು ಎಂಬತ್ತೇ ಹಾಕಿದ್ದೆ ಕಣವ್ವ. ಹಾಕ್ದಾಗೆಲ್ಲ ಬರ್ಕೊಂಡಿದೀನಿ. ನೋಡು ಬೇಕಾದ್ರೆ. ನನ್ನ ತಲೆನೇ ಕೆಟ್ಟೈತೇನೋ ಅಂತ ನಂಗೇ ಅನುಮಾನ ಬಂದು ಬರ್ಯಕ್ಕೆ ಶುರು ಮಾಡ್ದೆ."

ಒಂದೊಂದು ಸಾಲಲ್ಲೂ ತಾರೀಖು, ಗಂಟೆ, 80. ಕೆಳಗೆ, ನೋಡಿದಾಗ 100. ಮತ್ತೆ 80. ದುಂಡು ಕನ್ನಡ ಅಕ್ಷರ. ಒಂದು ಕಡೆ 'ಊಟಕ್ಕೆ ಹೋಗಿ ಬಂದೆ, 100' ಅಂತ ಬರೆದು ಕೆಳಗೆ ಗೆರೆ ಎಳೆದಿದ್ದರು.

ಆ ಪುಸ್ತಕ ಹಿಡ್ಕೊಂಡು ಒಳಗೆ ಬಂದು ಕೂತಿದ್ದೆ. ನಾಲ್ಕು ಗಂಟೆ ಸುಮಾರಿಗೆ ಕರೆಂಟ್ ಹೋಯ್ತು. ಮಳೆಗಾಲ, ಗುಬ್ಬಿ ಕಡೆ, ಹೊಸದೇನಲ್ಲ. ಜನರೇಟರ್ ಗುಡುಗುಡು ಅಂತ ಶುರುವಾಯ್ತು. ಸ್ಕ್ರೀನ್ ಕಪ್ಪಾಗಿ, ಲೋಗೊ ಬಂದು, ನಿಧಾನಕ್ಕೆ ಪುಟ ತೆರೆದುಕೊಂಡಿತು. ಕಾಕಂಬಿ: 100.0.

ಯಾರೂ ಮುಟ್ಟಿರಲಿಲ್ಲ. ನಾನು ಎದುರಿಗೇ ಕೂತಿದ್ದೆ.

ಹೊಟ್ಟೆಯೊಳಗೆ ಏನೋ ಜಾರಿದ ಹಾಗಾಯ್ತು. ಲ್ಯಾಪ್‌ಟಾಪ್ ತೆರೆಯೋಕೂ ಮೊದಲೇ ನನಗೆ ಉತ್ತರ ಹೊಳೆದುಬಿಟ್ಟಿತ್ತು ಅನ್ಸುತ್ತೆ. ಏಣಿಯ ಮೊದಲನೇ ಮೆಟ್ಟಿಲಲ್ಲೇ ಇತ್ತು ಅದು. ಎಂ8002 ಅಂತ ಒಂದು ವಿಶೇಷ ಸ್ವಿಚ್ಚಿದೆ. ಪಿಎಲ್‌ಸಿ ಶುರುವಾದ ಕೂಡಲೇ, ಮೊದಲ ಒಂದು ಸುತ್ತಿಗೆ ಮಾತ್ರ ಅದು ಆನ್ ಆಗುತ್ತೆ. ಕೆಲವೇ ಮಿಲಿಸೆಕೆಂಡು. ಹೊಸ ಪಿಎಲ್‌ಸಿಯಲ್ಲಿ ಎಲ್ಲ ಗೂಡೂ ಸೊನ್ನೆ ಇರುತ್ತೆ ಅಂತ, ಆಫೀಸಿನ ಮೇಜಿನ ಮೇಲೆ ಟೆಸ್ಟ್ ಮಾಡೋವಾಗ ಅದರ ಮುಂದೆ ಆರು ಮೂವ್ ಬರೆದಿದ್ದೆ. ಆರು ಪದಾರ್ಥಕ್ಕೂ ನಾನೇ ಒಂದೊಂದು ಅಂಕಿ. ಅದರಲ್ಲೊಂದು, ಮೂವ್ ಕೆ1000 ಡಿ212. ದಶಮಾಂಶ ಸೇರಿಸಿ ಓದಿದರೆ ನೂರು ಕೆಜಿ ಕಾಕಂಬಿ. ಅಂದರೆ ಕರೆಂಟ್ ಹೋಗಿ ಬಂದಾಗಲೆಲ್ಲ ಬ್ಯಾಟರಿ ಅಣ್ಣನ ಎಂಬತ್ತನ್ನ ಜೋಪಾನವಾಗಿ ಕಾದು ಕೊಡ್ತಿತ್ತು, ಮರುಕ್ಷಣವೇ ನನ್ನ ಮೂವ್ ಅದರ ಮೇಲೆ ನೂರು ಸುರೀತಿತ್ತು. ಮಾರ್ಚ್‌ನಿಂದಲೂ ಹೀಗೇ ನಡೀತಿತ್ತು. ಬೇಸಿಗೆಯಲ್ಲಿ ಅವರು ಬಳಸ್ತಿದ್ದದ್ದೂ ನೂರೇ ಆಗಿದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಉಳಿದ ಐದು ಪದಾರ್ಥ ಮಳೆಗಾಲದಲ್ಲೂ ಬದಲಾಗಲಿಲ್ಲ.

ಖಾತ್ರಿ ಮಾಡ್ಕೊಳ್ಳೋಣ ಅಂತ ಜನರೇಟರ್ ಡೀಸೆಲ್ ಲೆಕ್ಕದ ಪುಸ್ತಕ ತರಿಸಿದೆ. ಯಾವಾಗ ಶುರು, ಯಾವಾಗ ನಿಲ್ತು ಅಂತ ಎಲೆಕ್ಟ್ರಿಷಿಯನ್ ಬರೀತಾನೆ. ಅದನ್ನೂ ಅಣ್ಣನ ನೋಟ್‌ಬುಕ್ಕನ್ನೂ ಪಕ್ಕಪಕ್ಕ ಇಟ್ಟೆ. ನೂರು ಅಂತ ಬರೆದ ಪ್ರತಿ ಸಾಲಿನ ಮುಂಚೆ ಜನರೇಟರ್ ಓಡಿತ್ತು. ಊಟಕ್ಕೆ ಹೋಗಿ ಬಂದ ದಿನ, ಒಂದು ಹತ್ತಕ್ಕೆ ಶುರು, ಒಂದು ನಲವತ್ತಕ್ಕೆ ಬಂದ್. ಪ್ಯಾನೆಲ್ಲಿಗೆ ಒಂದು ಸಣ್ಣ ಯುಪಿಎಸ್ ಇದ್ದಿದ್ದರೂ ಇದು ಬಚ್ಚಿಟ್ಟುಕೊಂಡು ಇರ್ತಿತ್ತೇನೋ. ದುಡ್ಡು ಉಳಿಸೋಕೆ ಕೊಟೇಷನ್ನಲ್ಲಿ ಅದನ್ನ ಹೊಡೆದುಹಾಕಿದ್ದರು.

ಬಾಸ್‌ಗೆ ಫೋನ್ ಮಾಡಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ ಮಾಡಿಬಿಟ್ಟು ಬಾ. ವೋಲ್ಟೇಜ್ ಏರುಪೇರಿಂದ ಆಗಿತ್ತು, ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದೀವಿ ಅಂತ ಹೇಳು. ಇನ್ನೂ ಹತ್ತು ಪರ್ಸೆಂಟ್ ಪೇಮೆಂಟ್ ಬರಬೇಕು ಅವರಿಂದ" ಅಂದರು. ಕೆಟ್ಟ ಮನುಷ್ಯ ಅಲ್ಲ ಅವರು. ತಿಂಗಳ ಕೊನೆಗೆ ಎಂಟು ಜನರ ಸಂಬಳ ಹೊಂದಿಸೋಕೆ ಅವರು ಪಡ್ತಿದ್ದ ಕಷ್ಟ ನಾನು ನೋಡಿದ್ದೆ.

ಸರಿ ಮಾಡೋದು ಇಪ್ಪತ್ತು ನಿಮಿಷದ ಕೆಲಸ. ಡಿ250ರಲ್ಲಿ ಒಂದು ಗುರುತಿನ ಸಂಖ್ಯೆ ಇಟ್ಟೆ. ಶುರುವಾದಾಗ ಅಲ್ಲಿ ಆ ಗುರುತು ಇಲ್ಲದಿದ್ದರೆ ಮಾತ್ರ, ಅಂದರೆ ಪಿಎಲ್‌ಸಿ ಹೊಚ್ಚಹೊಸದಾಗಿದ್ದರೆ ಮಾತ್ರ, ನನ್ನ ಅಂಕಿಗಳನ್ನ ತುಂಬಿ ಗುರುತು ಹಾಕು. ಗುರುತು ಇದ್ದರೆ ಏನನ್ನೂ ಮುಟ್ಟಬೇಡ. ಜೊತೆಗೆ ಇನ್ನೊಂದು ಸೇರಿಸಿದೆ. ಸ್ಕ್ರೀನಲ್ಲಿ ಹೊಸ ಸಂಖ್ಯೆ ಹಾಕಿ ಸೇವ್ ಒತ್ತಿದಾಗ, ಹೊಸದು 210ಕ್ಕೆ ಹೋಗೋ ಮೊದಲು ಹಳೆಯ ಆರನ್ನೂ ಬಿಮೂವ್‌ನಿಂದ ಡಿ310ರಿಂದ ಮುಂದಕ್ಕೆ ನಕಲು ಮಾಡಿ ಇಡು. ಬಿಮೂವ್ ಅಂದ್ರೆ ಒಂದೇ ಸಲಕ್ಕೆ ಸಾಲುಸಾಲಾಗಿ ನಕಲು ಮಾಡೋ ಮೂವ್. ಅದನ್ನ 'ಹಿಂದಿನದು' ಅಂತ ಸ್ಕ್ರೀನಲ್ಲಿ ಪಕ್ಕದಲ್ಲೇ ತೋರಿಸಿದೆ. ಇಂಗ್ಲಿಷಲ್ಲಿ ಅಲ್ಲ, ಕನ್ನಡದಲ್ಲೇ, ಅಕ್ಷರಗಳನ್ನ ಚಿತ್ರ ಮಾಡಿ ಹಾಕಿ. ಇದು ಒತ್ತಿದಾಗ ಒಂದು ಸಲ ಮಾತ್ರ ಆಗಬೇಕು, ಇಲ್ಲದಿದ್ದರೆ ಬೆರಳು ಗುಂಡಿ ಮೇಲಿರೋವರೆಗೂ ಸುತ್ತಿಗೊಂದು ಸಲ ನಕಲಾಗಿ, ಎರಡನೇ ಸುತ್ತಲ್ಲೇ 'ಹಿಂದಿನದು' ಅನ್ನೋದರಲ್ಲೂ ಹೊಸದೇ ಬಂದು ಕೂತಿರುತ್ತೆ. ಅದಕ್ಕೆ ಕೊನೆಯಲ್ಲಿ ಒಂದು 'ಪಿ' ಸೇರಿಸಬೇಕು. ಸೇರಿಸಿದೆ. ಮೇನ್ ಸ್ವಿಚ್ ಹತ್ತು ಸಲ ಆಫ್-ಆನ್ ಮಾಡಿ ನೋಡಿದೆ. ಹತ್ತು ಸಲವೂ ಎಂಬತ್ತು. ಮಾರ್ಚ್‌ನಲ್ಲಿ ಒಂದೇ ಒಂದು ಸಲ ಹೀಗೆ ಮಾಡಿದ್ದರೆ ಸಾಕಿತ್ತು.

ಮಾಲೀಕರಿಗೆ ಬಾಸ್ ಹೇಳಿದ ಹಾಗೇ ಹೇಳಿದೆ. ಅವರು "ಆಯ್ತು ಬಿಡಮ್ಮ, ಸರಿ ಹೋಯ್ತಲ್ಲ" ಅಂದರು. ಗೇಟ್ ಹತ್ತಿರ ಅಣ್ಣ ಕಾಯ್ತಿದ್ದರು. ನೋಟ್‌ಬುಕ್ ವಾಪಸ್ ಕೊಟ್ಟೆ.

"ಏನಾಗಿತ್ತವ್ವ?"

"ಕರೆಂಟ್ ಪ್ರಾಬ್ಲಂ ಅಣ್ಣ."

"ಓ, ಕರೆಂಟಾ" ಅಂದು, ಪುಸ್ತಕ ಜೇಬಿಗೆ ಹಾಕ್ಕೊಂಡು ಲಾರಿ ಕಡೆ ಹೋದರು. ಅವರು ಇನ್ನೊಂದು ಪ್ರಶ್ನೆ ಕೇಳಿದ್ದರೆ ಹೇಳಿಬಿಡ್ತಿದ್ದೆ ಅಂತ ಎಷ್ಟೋ ಸಲ ಅಂದುಕೊಂಡಿದ್ದೀನಿ. ಅವರು ಕೇಳಲಿಲ್ಲ. ತುಮಕೂರಿಗೆ ಬಂದು ಬೆಂಗಳೂರು ಬಸ್ ಹತ್ತಿದೆ. ಕ್ಯಾತ್ಸಂದ್ರದಲ್ಲಿ ಇಳಿದು ತಟ್ಟೆ ಇಡ್ಲಿ ತಿನ್ನದೆ ಆ ರಸ್ತೆಯಲ್ಲಿ ಬಂದವಳೇ ಅಲ್ಲ ನಾನು, ಅವತ್ತು ಇಳಿಯಲಿಲ್ಲ. ಡಾಬಸ್‌ಪೇಟೆ, ನೆಲಮಂಗಲ, ಮಳೆ ಸುರೀತಾನೇ ಇತ್ತು. ಕರೆಂಟ್ ಪ್ರಾಬ್ಲಂ ಅಂದಿದ್ದು ಪೂರ್ತಿ ಸುಳ್ಳಲ್ಲ, ಕರೆಂಟ್ ಹೋಗಿದ್ದಕ್ಕೇ ತಾನೇ ಆಗಿದ್ದು ಅಂತ ನನಗೆ ನಾನೇ ವಾದ ಮಾಡ್ಕೊಂಡು ಬಂದೆ. ವಾದದಲ್ಲಿ ಗೆದ್ದೆ. ನಿದ್ದೆ ಮಾತ್ರ ಬರಲಿಲ್ಲ.

ಮೂರು ದಿನ ಹಾಗೇ ಕಳೀತು. ಅಪ್ಪನಿಗೆ ಹೇಳಿದೆ. ಅಪ್ಪ ಕೋಆಪರೇಟಿವ್ ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದವರು. "ಲೆಡ್ಜರ್‌ನಲ್ಲಿ ತಪ್ಪು ಬರೆದರೆ ನಾವು ಅಳಿಸೋ ಹಾಗಿಲ್ಲ. ಗೆರೆ ಎಳೆದು, ಮೇಲೆ ಸರಿ ಮಾಡಿ, ಪಕ್ಕದಲ್ಲಿ ಸಹಿ ಹಾಕಬೇಕು" ಅಂದು ಪೇಪರ್ ಓದೋಕೆ ಶುರು ಮಾಡಿದರು. ಅಷ್ಟೇ ಹೇಳಿದ್ದು.

ಭಾನುವಾರ ನನ್ನದೇ ದುಡ್ಡಲ್ಲಿ ಟಿಕೆಟ್ ತಗೊಂಡು ಹೋದೆ. ಮಾಲೀಕರ ಮನೆ ಕಾರ್ಖಾನೆ ಕಾಂಪೌಂಡಿನೊಳಗೇ ಇತ್ತು. ಅಣ್ಣನನ್ನೂ ಕರೆಸಿ ಸರ್ ಅಂದೆ. ಜಗುಲಿಯಲ್ಲಿ ನಿಂತುಕೊಂಡೇ ಹೇಳಿದೆ. ಮೂವ್, ಎಂ8002 ಅಂತೆಲ್ಲ ಹೇಳಲಿಲ್ಲ. "ಕರೆಂಟ್ ಬಂದಾಗಲೆಲ್ಲ ನೂರು ಹಾಕು ಅಂತ ನಾನೇ ಬರೆದಿಟ್ಟಿದ್ದೆ. ಮರೆತುಹೋಗಿತ್ತು. ಅಣ್ಣ ಎಂಬತ್ತೇ ಹಾಕ್ತಿದ್ದರು. ಪಾಸ್‌ವರ್ಡ್ ಹಾಕಿ ಅಂದಿದ್ದೂ ನಾನೇ." ಡೀಸೆಲ್ ಪುಸ್ತಕ, ನೋಟ್‌ಬುಕ್ ಎರಡನ್ನೂ ತೋರಿಸಿದೆ.

ಮಾಲೀಕರಿಗೆ ಸಿಟ್ಟು ಬಂತು. ಬರಬೇಕಾದ್ದೇ. ಡೈ, ವಾಪಸ್ ಬಂದ ಚೀಲ, ನಿಂತ ದಿನಗಳು, ಎಲ್ಲದರ ಲೆಕ್ಕ ಹೇಳಿದರು, ನಮ್ಮ ಹತ್ತು ಪರ್ಸೆಂಟ್ ಕೊಡಲ್ಲ ಅಂದರು. ಕೊನೆಗೆ ಅಣ್ಣನ ಕಡೆ ತಿರುಗಿ, "ನಾಳೆಯಿಂದ ಪ್ಯಾನೆಲ್ ಹತ್ರ ಬಾ" ಅಂದರು. ಅಷ್ಟೇ. ತಪ್ಪಾಯ್ತು ಅಂತ ಅನ್ನಲಿಲ್ಲ. ಆ ದಿನಗಳ ಭತ್ಯೆ ಕೊಡ್ತೀನಿ ಅಂತಲೂ ಅನ್ನಲಿಲ್ಲ. ನಾನು ಕೇಳಬೇಕಿತ್ತು, ಬಾಯಿ ಬರಲಿಲ್ಲ.

ಹೊರಗೆ ಬಂದ ಮೇಲೆ ಅಣ್ಣ ತುಂಬಾ ಹೊತ್ತು ಮಾತಾಡಲಿಲ್ಲ. ನಾನು "ಅವತ್ತೇ ಹೇಳಬೇಕಿತ್ತು ಅಣ್ಣ" ಅಂದೆ. "ಹ್ಞೂಂ, ಹೇಳ್ಬೇಕಿತ್ತು" ಅಂದರು. ಸಮಾಧಾನ ಮಾಡೋ ಮಾತೇನೂ ಆಡಲಿಲ್ಲ. ಸ್ವಲ್ಪ ದೂರ ನಡೆದ ಮೇಲೆ, "ಆ ರಾತ್ರಿ ಪಾಳಿ ಹುಡುಗನ ಹತ್ರ ಈಗ ನಾನು ಹೋಗಿ ಮಾತಾಡ್ಬೇಕಲ್ಲವ್ವ" ಅಂದರು. ಅದು ನನಗೆ ಹೊಳೆದೇ ಇರಲಿಲ್ಲ.

ಪೀಣ್ಯದ ಆಫೀಸಲ್ಲಿ ಏನಾಯ್ತು ಅಂತ ಹೆಚ್ಚು ಹೇಳಲ್ಲ. ಬಾಸ್ ಎರಡು ವಾರ ನನ್ನ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ, ಆ ವರ್ಷ ಸಂಬಳ ಏರಲಿಲ್ಲ. ಸೀನಿಯರ್ ಮಾತ್ರ ತಮ್ಮ ಹಳೇ ಪ್ರೋಗ್ರಾಮುಗಳನ್ನೆಲ್ಲ ತೆರೆದು ಮೊದಲನೇ ಮೆಟ್ಟಿಲು ನೋಡ್ತಾ ಕೂತಿದ್ದನ್ನ ಕಂಡೆ. ಎರಡು ಕಡೆ ಅವರದ್ದೂ ಹೀಗೇ ಇತ್ತಂತೆ. ಮುಂದಿನ ವರ್ಷ ನಾನು ಸಾಫ್ಟ್‌ವೇರ್ ಕಂಪನಿ ಸೇರಿದೆ. ಈಗ ಮಾಡೋದೂ ಒಂದು ಗೂಡಿಂದ ಇನ್ನೊಂದು ಗೂಡಿಗೆ ಸುರಿಯೋ ಕೆಲಸವೇ, ಗೂಡುಗಳು ಕೋಟಿಗಟ್ಟಲೆ ಇವೆ. ಹೊಸಬರ ಕೋಡ್ ನೋಡೋವಾಗ "ಇಲ್ಲಿ ಮೊದಲೇ ಏನಾದರೂ ಇದ್ದರೆ?" ಅಂತ ಕೇಳೋದು ನನ್ನ ಅಭ್ಯಾಸ. ಟೀಮಿನಲ್ಲಿ ಅದನ್ನಿಟ್ಟುಕೊಂಡು ನನ್ನನ್ನ ಅಣಕಿಸ್ತಾರೆ ಅಂತಲೂ ಗೊತ್ತು.

ಅಣ್ಣ ಇನ್ನೂ ಅಲ್ಲೇ ಇದ್ದಾರೆ. ಯುಗಾದಿಗೆ ಒಂದು ಫೋನ್, ಮಳೆ ಹಿಡಿದ ಮೇಲೆ ಒಂದು ಫೋನ್. ಈ ಸಲ ಜೂನ್‌ನಲ್ಲಿ ನಾನು ಮೆಟ್ರೊದಲ್ಲಿದ್ದಾಗ ಬಂತು, ಸುತ್ತಲಿನ ಗಲಾಟೆಗೆ ಸರಿಯಾಗಿ ಕೇಳಿಸಲಿಲ್ಲ. ಹಿಂದೆ ಜನರೇಟರ್ ಶಬ್ದ ಮಾತ್ರ ಕೇಳಿಸ್ತಿತ್ತು.

"ಕರೆಂಟ್ ಹೋಗಿತ್ತವ್ವ ಈಗ. ಬಂತು. ಎಂಬತ್ತೇ ಐತೆ."